ವರ್ಜೀನಿಯಾದ ಹೊಗೆಸೊಪ್ಪು, ನಂದಗಡದ ಆಲ

ಬೆಳಗಾವಿ ಕೋಟೆಯೊಳಗೆ ಹೋಗುವವರು ಹೆಚ್ಚಾಗಿ ಕಮಲ ಬಸದಿಯ ಛತ್ತಿನಲ್ಲಿ ಅರಳಿರುವ ಕಲ್ಲಿನ ಕಮಲವನ್ನು ಕತ್ತೆತ್ತಿ ನೋಡಲು ಹೋಗುತ್ತಾರೆ. ಇಲ್ಲವೇ ರಾಮಕೃಷ್ಣ ಆಶ್ರಮದಲ್ಲಿ ಸ್ವಲ್ಪ ಹೊತ್ತು ಸುಮ್ಮನೆ ಕೂತು ಬರಲು. ಹೋಗುವಾಗ ದಾಟಿದ ಕಂದಕವನ್ನು ಯಾರೂ ನಿಂತು ನೋಡುವುದಿಲ್ಲ. 1818ರ ಮಾರ್ಚ್ 20ರಿಂದ ಏಪ್ರಿಲ್ 10ರವರೆಗೆ ಈ ಕಂದಕದ ಆಚೆ ತೋಪು ಹೂಡಿಕೊಂಡು ಕೂತಿದ್ದವನು ಥಾಮಸ್ ಮನ್ರೋ. ಕೋಟೆಯೊಳಗೆ ಪೇಶ್ವೆಯ ಪಾಳಯ. ಇಪ್ಪತ್ತೊಂದು ದಿನಕ್ಕೆ ಕೋಟೆ ಬಿತ್ತು, ಬೆಳಗಾವಿ ಈಸ್ಟ್ ಇಂಡಿಯಾ ಕಂಪನಿಯದಾಯಿತು.

ಈ ಮನ್ರೋ ಹಿಂದೂಸ್ತಾನಕ್ಕೆ ಬಂದದ್ದೇ ಅಮೆರಿಕದ ದೆಸೆಯಿಂದ.

ಅವನ ಅಪ್ಪ ಗ್ಲಾಸ್ಗೊ ಪಟ್ಟಣದ ವ್ಯಾಪಾರಿ. ವರ್ಜೀನಿಯಾದ ಜತೆ ಹೊಗೆಸೊಪ್ಪಿನ ವಹಿವಾಟು. ಅಲ್ಲಿನ ವಸಾಹತುಗಳು ಇಂಗ್ಲೆಂಡಿನ ದೊರೆಗೆ ತಿರುಗಿ ಬಿದ್ದು ಯುದ್ಧ ಹತ್ತಿತು, 1776ರಲ್ಲಿ ಸ್ವಾತಂತ್ರ್ಯವನ್ನೂ ಘೋಷಿಸಿಕೊಂಡವು, ಬಾಕಿ ವಸೂಲಾಗದೆ ಅಪ್ಪ ಮುಳುಗಿದ. ಮಗನಿಗೆ ಕಂಪನಿಯ ಸೈನ್ಯದಲ್ಲಿ ಒಂದು ಕೆಡೆಟ್ ಕೆಲಸ ಹಿಡಿದು ಹಡಗು ಹತ್ತುವುದಲ್ಲದೆ ಬೇರೆ ದಾರಿ ಉಳಿಯಲಿಲ್ಲ. 1780ರ ಹೊತ್ತಿಗೆ ಅವನು ಮದ್ರಾಸಿನಲ್ಲಿದ್ದ, ಹೈದರನ ವಿರುದ್ಧ ಯುದ್ಧಕ್ಕೆ ನಿಂತಿದ್ದ. ಮೂವತ್ತೆಂಟು ವರ್ಷ ಕಳೆದು ಬೆಳಗಾವಿ ಕೋಟೆ ಮುರಿದ. ವರ್ಜೀನಿಯಾದ ಹೊಗೆಸೊಪ್ಪಿನ ಲೆಕ್ಕ ಸರಿಹೋಗಿದ್ದರೆ ನಮ್ಮ ಕೋಟೆಯ ಮುಂದೆ ಬೇರೆ ಯಾರಾದರೂ ಕೂತಿರುತ್ತಿದ್ದರು, ಕೋಟೆಯಂತೂ ಬೀಳುತ್ತಿತ್ತೇನೋ. ಇದೇ ಜಿಲ್ಲೆಯ ನಿಪ್ಪಾಣಿ ಮುಂದೆ ಹೊಗೆಸೊಪ್ಪಿನ ದೊಡ್ಡ ಪೇಟೆಯಾಯಿತು ಎಂಬುದು ಬರೀ ಕಾಕತಾಳೀಯ. ಆದರೂ ನಿಪ್ಪಾಣಿಯ ಗೋದಾಮುಗಳ ಘಾಟು ಮೂಗಿಗೆ ಬಡಿದಾಗಲೆಲ್ಲ ನನಗೆ ಆ ದಿವಾಳಿಯೆದ್ದ ಗ್ಲಾಸ್ಗೊ ವ್ಯಾಪಾರಿ ನೆನಪಾಗುತ್ತಾನೆ.

ಶಾಲೆಯಲ್ಲಿ ನಾವು ಓದಿದ ಇತಿಹಾಸ ಬೇರೆ ಬೇರೆ ಡಬ್ಬಿಗಳಲ್ಲಿತ್ತು. ಅಮೆರಿಕದ ಕ್ರಾಂತಿ ಒಂದು ಪಾಠ, ಕಿತ್ತೂರಿನ ಬಂಡಾಯ ಇನ್ನೊಂದು ಪಾಠ, ನಡುವೆ ಏಳೆಂಟು ಪಾಠಗಳ ಅಂತರ. ಆದರೆ ಎರಡೂ ಕಡೆ ಬಾಗಿಲು ಬಡಿದದ್ದು ಒಂದೇ ಅಂಗಡಿಯವನು. ಬಾಸ್ಟನ್ ಬಂದರಿನಲ್ಲಿ 1773ರ ಡಿಸೆಂಬರ್ 16ರ ರಾತ್ರಿ ನೀರಿಗೆ ಬಿದ್ದ 342 ಪೆಟ್ಟಿಗೆ ಚಹಾ ಈಸ್ಟ್ ಇಂಡಿಯಾ ಕಂಪನಿಯದೇ. ಸಾಲದಲ್ಲಿ ಕುಸಿಯುತ್ತಿದ್ದ ಕಂಪನಿಯನ್ನು ಎತ್ತಿ ನಿಲ್ಲಿಸಲು ಬ್ರಿಟಿಷ್ ಸಂಸತ್ತು ಆ ವರ್ಷ ಚಹಾ ಕಾಯ್ದೆ ಮಾಡಿ, ಅದರ ಉಳಿದ ಚಹಾವನ್ನು ಅಮೆರಿಕದ ಪೇಟೆಗೆ ನೇರ ಸುರಿಯಲು ದಾರಿ ಮಾಡಿಕೊಟ್ಟಿತ್ತು. ಅದಕ್ಕೂ ಮೊದಲು 1765ರಲ್ಲಿ ಸ್ಟಾಂಪ್ ಕಾಯ್ದೆ ಬಂದಿತ್ತು: ದಸ್ತಾವೇಜು, ಪತ್ರಿಕೆ, ಕೊನೆಗೆ ಇಸ್ಪೀಟಿನ ಎಲೆಗೂ ಕಂದಾಯದ ಮೊಹರು. ಒಂದೇ ವರ್ಷಕ್ಕೆ ಅದನ್ನು ಹಿಂತೆಗೆದರೂ ಕೇಳಿದ ಪ್ರಶ್ನೆ ಉಳಿದುಬಿಟ್ಟಿತು. ನಮ್ಮ ಪ್ರತಿನಿಧಿ ಒಬ್ಬನೂ ಇಲ್ಲದ ಸಭೆ ನಮ್ಮ ಮೇಲೆ ತೆರಿಗೆ ಹೇರಲು ಯಾರು?

ಚಹಾ ಚೆಲ್ಲಿದವರು ಮುಖಕ್ಕೆ ಮಸಿ ಬಳಿದು, ಕಂಬಳಿ ಹೊದ್ದು, ಮೊಹಾಕ್ ‘ಇಂಡಿಯನ್’ರ ವೇಷ ಹಾಕಿದ್ದರು. ಈ ವೇಷದ ಮಾತು ಮುಂದೆ ಬೇಕಾಗುತ್ತದೆ, ನೆನಪಿರಲಿ.

ನಿಜವಾದ ಹಿಂದೂಸ್ತಾನದ ಸುದ್ದಿಯೂ ಆ ಕಡಲು ದಾಟಿತ್ತು. ಪೆನ್ಸಿಲ್ವೇನಿಯಾದ ವರ್ತಕರು ಡೆಲವೇರ್ ಕೊಲ್ಲಿಯ ಕಾವಲಿಗೆ ಸಜ್ಜು ಮಾಡಿದ ಒಂದು ಹಡಗಿನ ಹೆಸರು ‘ಹೈದರ್ ಅಲಿ’. 1782ರ ಏಪ್ರಿಲ್‌ನಲ್ಲಿ ಜೋಶುವಾ ಬಾರ್ನಿ ಎಂಬ ಕಪ್ತಾನ ಆ ಹಡಗಿನಿಂದ ತನಗಿಂತ ಬಲಿಷ್ಠವಾದ ಬ್ರಿಟಿಷ್ ಹಡಗೊಂದನ್ನು ಸೆರೆ ಹಿಡಿದ. ಶ್ರೀರಂಗಪಟ್ಟಣದ ನವಾಬನ ಹೆಸರು ಫಿಲಡೆಲ್ಫಿಯಾದ ಬಂದರಿನಲ್ಲಿ ತೇಲುತ್ತಿತ್ತು ಎಂದರೆ, ಕಂಪನಿಗೆ ಮಣ್ಣು ಮುಕ್ಕಿಸುವವರು ಯಾರು ಎಂಬ ಲೆಕ್ಕ ಅಲ್ಲಿಯವರಿಗೂ ಗೊತ್ತಿತ್ತು ಅಂತಾಯಿತು. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನಿನಲ್ಲಿ ಶರಣಾದ ಸೇನಾಪತಿ ಕಾರ್ನ್‌ವಾಲಿಸ್, ಮೈಯಲ್ಲಿ ಹುಷಾರಿಲ್ಲವೆಂದು ಹೇಳಿ ತಾನು ಬಾರದೆ ಕೈಕೆಳಗಿನವನ ಹತ್ತಿರ ಕತ್ತಿ ಕಳಿಸಿದ. ಐದು ವರ್ಷದಲ್ಲಿ ಅವನೇ ಇಲ್ಲಿಗೆ ಗವರ್ನರ್ ಜನರಲ್ ಆಗಿ ಬಂದ. 1792ರಲ್ಲಿ ಟಿಪ್ಪುವಿನ ಅರ್ಧ ರಾಜ್ಯವನ್ನು ಕಿತ್ತುಕೊಂಡು, ಇಬ್ಬರು ಗಂಡುಮಕ್ಕಳನ್ನು ಒತ್ತೆ ತೆಗೆದುಕೊಂಡ. ಅಲ್ಲಿ ಸೋತವನ ಮುಖ ಇಲ್ಲಿ ತೊಳೆಯಿತು.

ಇನ್ನು ಕಿತ್ತೂರಿಗೆ ಬರೋಣ. ಚೆನ್ನಮ್ಮ ಹುಟ್ಟಿದ ಕಾಕತಿ ಇಂದು ಬೆಳಗಾವಿಯ ಸೆರಗಿನಲ್ಲೇ ಇದೆ, ಹೆದ್ದಾರಿಯ ಪಕ್ಕ. ಆಕೆ ಕೈಹಿಡಿದ ಮಲ್ಲಸರ್ಜ ದೇಸಾಯಿ ಟಿಪ್ಪುವಿನ ಸೆರೆಯಲ್ಲಿದ್ದು ತಪ್ಪಿಸಿಕೊಂಡು ಬಂದವನು. ಆಮೇಲೆ ಪೇಶ್ವೆಯೂ ಅವನನ್ನು ಪುಣೆಗೆ ಒಯ್ದು ಇಟ್ಟುಕೊಂಡ. ಬಿಡುಗಡೆಯಾಗಿ ಊರಿಗೆ ಬರುವಾಗ 1816ರಲ್ಲಿ ತೀರಿಕೊಂಡ. ಸಣ್ಣ ಸಂಸ್ಥಾನದ ಪಾಡೇ ಹಾಗೆ: ಎರಡು ಆನೆ ಗುದ್ದಾಡುವ ಗದ್ದೆಯಲ್ಲಿ ಬೆಳೆ ಉಳಿಸಿಕೊಳ್ಳಬೇಕು. ಪೇಶ್ವೆಗೆ ವರ್ಷಕ್ಕೆ 1,75,000 ರೂಪಾಯಿ ಕಪ್ಪ ಕೊಟ್ಟು ಕಿತ್ತೂರು ಜೀವ ಹಿಡಿದುಕೊಂಡಿತ್ತು. ಹಿರಿಯ ಹೆಂಡತಿ ರುದ್ರಮ್ಮನ ಮಗ ಶಿವಲಿಂಗರುದ್ರಸರ್ಜ ಪಟ್ಟಕ್ಕೆ ಬಂದ. 1818ರಲ್ಲಿ ಬೆಳಗಾವಿ ಕೋಟೆಯ ಮುತ್ತಿಗೆಯಲ್ಲಿ ಅವನು ನಿಂತದ್ದು ಮನ್ರೋ ಕಡೆ. ಹೌದು, ಕಿತ್ತೂರು ಮೊದಲು ಕಂಪನಿಯ ಗೆಳೆಯ. ನಮ್ಮ ನಾಟಕ, ಸಿನಿಮಾಗಳು ಈ ಸಂಗತಿಯ ಮೇಲೆ ಹೆಚ್ಚು ಹೊತ್ತು ನಿಲ್ಲುವುದಿಲ್ಲ; ನಿಂತಿದ್ದರೆ ಆಮೇಲಿನ ಮೋಸ ಎಷ್ಟು ದೊಡ್ಡದೆಂದು ಇನ್ನೂ ಚೆನ್ನಾಗಿ ತಿಳಿಯುತ್ತಿತ್ತು. ನೆರವಿಗೆ ಪ್ರತಿಯಾಗಿ ಸಂಸ್ಥಾನ ಅವನ ಕೈಯಲ್ಲೇ ಉಳಿಯಿತು, ಸನದು ಬಂತು. ಆ ಕಾಗದದಲ್ಲಿ ಭದ್ರವಾಗಿದ್ದೇವೆ ಎಂದು ಕಿತ್ತೂರು ನಂಬಿತು.

ಆರು ವರ್ಷ. 1824ರ ಸೆಪ್ಟೆಂಬರ್ 11ರಂದು ಶಿವಲಿಂಗರುದ್ರಸರ್ಜ ಮಕ್ಕಳಿಲ್ಲದೆ ತೀರಿಕೊಂಡ. ಮಾಸ್ತಮರಡಿಯ ಗೌಡರ ಮಗನನ್ನು ದತ್ತಕ ತೆಗೆದುಕೊಂಡಿರುವುದಾಗಿ ಅವನ ಹೆಸರಿನ ಪತ್ರ ಧಾರವಾಡದ ಕಲೆಕ್ಟರ್ ಕೈ ಸೇರಿದ್ದು ಮರುದಿನ. ಪತ್ರದ ಮೇಲಿನ ತಾರೀಖು ಜುಲೈ 10. ಆಗ ಬೆಳಗಾವಿ ಎಂಬ ಜಿಲ್ಲೆಯೇ ಇರಲಿಲ್ಲ, ಅದು ಧಾರವಾಡದಿಂದ ಬೇರೆಯಾದದ್ದು 1836ರಲ್ಲಿ. ಕಲೆಕ್ಟರ್ ಸೇಂಟ್ ಜಾನ್ ಥ್ಯಾಕರೆ, ಮುಂದೆ ಇಂಗ್ಲಿಷ್ ಕಾದಂಬರಿಕಾರನಾಗಿ ಹೆಸರಾದ ಥ್ಯಾಕರೆಯ ಚಿಕ್ಕಪ್ಪ. ಸಹಿ ನೋಡಿ ಅವನಿಗೆ ಸಂಶಯ ಬಂತು. ಡಾಕ್ಟರನನ್ನು ಕಿತ್ತೂರಿಗೆ ಓಡಿಸಿದ. ಡಾಕ್ಟರ್ ಬಂದು ನೋಡಿದರೆ ದೊರೆ ಸತ್ತಿದ್ದ.

ಸಹಿ ಯಾರದು ಎಂಬ ಪ್ರಶ್ನೆಯ ಸುತ್ತ ಇಂದಿಗೂ ಗಿರಕಿ ಹೊಡೆಯಬಹುದು. ಆದರೆ ಜಗಳದ ಬೇರು ಅಲ್ಲಿಲ್ಲ. ನಮ್ಮ ಕಡೆ ದತ್ತಕ ಎಂದರೆ ಮನೆಯ ಮಾತು. ಮಗನಿಲ್ಲದ ಮನೆಗೆ ಮಗ ಬಂದರೆ ಅವನು ಹೊಟ್ಟೆಯಲ್ಲಿ ಹುಟ್ಟಿದವನ ಸಮ. ದೀಪ ಹಚ್ಚುವವನು, ಹೊಲ ಉಳುವವನು, ಅಧಿಕಾರಕ್ಕೂ ವಾರಸು. ಗಂಡ ತೀರಿದ ಮೇಲೆ ಹೆಂಡತಿ ದತ್ತಕ ತೆಗೆದುಕೊಂಡ ಉದಾಹರಣೆಗಳು ಮನೆಮನೆಯಲ್ಲಿವೆ. ಕಂಪನಿ ಹೇಳಿದ್ದು ಬೇರೆ: ಮನೆಗೆ ಮಗ ಬಂದರೆ ಬರಲಿ, ಸಂಸ್ಥಾನಕ್ಕೆ ಮಗ ಬರಬೇಕಾದರೆ ಸರಕಾರದ ಅಪ್ಪಣೆ ಬೇಕು. ಈ ಮಾತನ್ನು ಡಾಲ್‌ಹೌಸಿ ಮುಂದೆ 1848ರಲ್ಲಿ ಸಾತಾರದ ಮೇಲೆ, ಆಮೇಲೆ ಝಾನ್ಸಿಯ ಮೇಲೆ ಪ್ರಯೋಗಿಸಿ ಹೆಸರು ಕೆಡಿಸಿಕೊಂಡ. ಕಿತ್ತೂರಿನಲ್ಲಿ ಅದರ ರುಚಿ ನೋಡಿದ್ದು ಅದಕ್ಕೂ 24 ವರ್ಷ ಮೊದಲು. ಥ್ಯಾಕರೆ ಖಜಾನೆಗೆ ಮೊಹರು ಒತ್ತಿ ಕಾವಲು ಹಾಕಿದ. ಬೀಗ ಯಾರ ಕೈಯಲ್ಲಿರಬೇಕು ಎಂಬುದೇ ಇಡೀ ಪ್ರಕರಣ.

ಚೆನ್ನಮ್ಮ ಮುಂಬಯಿಯ ಗವರ್ನರ್ ಎಲ್ಫಿನ್‌ಸ್ಟನ್‌ವರೆಗೆ ಅಹವಾಲು ಕಳಿಸಿದರು. ಅದು ಫಲಿಸಲಿಲ್ಲ. ಅಕ್ಟೋಬರ್ 23ರಂದು ಥ್ಯಾಕರೆ ತೋಪು ತಂದು ಕೋಟೆ ಬಾಗಿಲು ಒಡೆಯಲು ನಿಂತ. ಬಾಗಿಲು ಒಳಗಿನಿಂದಲೇ ತೆರೆಯಿತು; ಕಿತ್ತೂರಿನ ದಂಡು ಹೊರಗೆ ನುಗ್ಗಿತು. ಥ್ಯಾಕರೆ ಬಿದ್ದ. ಹೊಡೆದವನು ಅಮಟೂರ ಬಾಳಪ್ಪ. ಬ್ಲ್ಯಾಕ್, ಸೀವೆಲ್, ಡೈಟನ್ ಎಂಬ ಅಧಿಕಾರಿಗಳೂ ಹೋದರು. ವಾಲ್ಟರ್ ಎಲಿಯಟ್, ಸ್ಟೀವನ್‌ಸನ್ ಎಂಬ ಇಬ್ಬರು ತರುಣ ಅಧಿಕಾರಿಗಳು ಕೈಸೆರೆಯಾದರು. ಕಿತ್ತೂರು ಉತ್ಸವದಲ್ಲಿ ನಾವು ಮೆರೆಸುವುದು ಈ ದಿನವನ್ನೇ.

ಉಳಿದದ್ದು ಬೇಗ ಮುಗಿಯಿತು. ಕಮಿಷನರ್ ಚಾಪ್ಲಿನ್ ದೊಡ್ಡ ಸೈನ್ಯ ಕೂಡಿಸಿದ. ಸೆರೆಯಾಳುಗಳನ್ನು ಬಿಟ್ಟರೆ ಒಪ್ಪಂದವಾದೀತು ಎಂಬ ಆಸೆಯಲ್ಲಿ ಡಿಸೆಂಬರ್ 2ರಂದು ಅವರನ್ನು ಬಿಟ್ಟರು. ಮೂರು ದಿನದೊಳಗೆ ಕೋಟೆ ಕಂಪನಿಯದಾಯಿತು. ಆ ಕಾಳಗದಲ್ಲಿ ಸತ್ತವರಲ್ಲಿ ಬೆಳಗಾವಿ ಗೆದ್ದ ಮನ್ರೋನ ಅಣ್ಣತಮ್ಮಂದಿರ ಮಗನೂ ಇದ್ದ. ಮದ್ದಿನಲ್ಲಿ ಸಗಣಿ, ಜೋಳ ಬೆರೆಸಿದ ಮಲ್ಲಪ್ಪಶೆಟ್ಟಿ, ವೆಂಕಟರಾಯರ ಕಥೆಯನ್ನು ಲಾವಣಿಯವರು ಹಲ್ಲು ಕಡಿದು ಹಾಡುತ್ತಾರೆ. ಚೆನ್ನಮ್ಮನನ್ನು ಬೈಲಹೊಂಗಲ ಕೋಟೆಯಲ್ಲಿ ಇಟ್ಟರು. ಯಾವ ಕೋರ್ಟಿನ ಮುಂದೆಯೂ ನಿಲ್ಲಿಸಲಿಲ್ಲ. 1829ರ ಫೆಬ್ರುವರಿಯಲ್ಲಿ ಅಲ್ಲಿಯೇ ತೀರಿಕೊಂಡರು.

ಭಾಷಣಗಳಲ್ಲಿ ಕಿತ್ತೂರನ್ನು ಬಾಸ್ಟನ್ ಜತೆ ಇಟ್ಟು ಮಾತಾಡುವುದುಂಟು: ಅಲ್ಲಿ ಚಹಾ, ಇಲ್ಲಿ ಖಜಾನೆ, ಅಲ್ಲಿ ವಾಷಿಂಗ್ಟನ್, ಇಲ್ಲಿ ಚೆನ್ನಮ್ಮ. ನನಗೆ ಈ ಜೋಡಿ ಒಪ್ಪುವುದಿಲ್ಲ. ಬಾಸ್ಟನ್ನಿನವರು ಇಂಗ್ಲೆಂಡಿನ ಕಾನೂನನ್ನೇ ಇಂಗ್ಲೆಂಡಿನ ವಿರುದ್ಧ ಎತ್ತಿ ಹಿಡಿದವರು. ಸಂಸತ್ತು, ಪ್ರತಿನಿಧಿ, ಜ್ಯೂರಿ ಎಲ್ಲ ಅವರ ಮನೆಯ ಪಾತ್ರೆ. ಅದು ದಾಯಾದಿಗಳ ಜಗಳ. ಕಿತ್ತೂರಿನ ಎದುರು ನಿಂತವನು ಈ ಮನೆಯವನೇ ಅಲ್ಲ. ಆದರೂ ನಿಮ್ಮ ಮನೆಗೆ ಯಾರು ಮಗನಾಗಬೇಕು ಎಂದು ಹೇಳುವವನು ನಾನೇ ಎಂದ. ಅಮೆರಿಕದಲ್ಲಿ ಈ ಮಾತು ಕೇಳಿಸಿಕೊಂಡವರು ಬೇರೆ ಜನ. ಬಾಸ್ಟನ್ನಿನವರು ಯಾರ ವೇಷ ಹಾಕಿಕೊಂಡು ಚಹಾ ಚೆಲ್ಲಿದರೋ ಆ ಜನ.

ವೇಷ ಕಳಚಿದ ಮೇಲೆ ಅವರಿಗಾದದ್ದು ಹೀಗೆ. ಜೆಫರ್ಸನ್ ಬರೆದ 1776ರ ಘೋಷಣೆಯಲ್ಲೇ, ದೊರೆಯ ಮೇಲಿನ ದೂರುಗಳ ಪಟ್ಟಿಯ ಕೊನೆಗೆ, ಮೂಲನಿವಾಸಿಗಳನ್ನು ಕರುಣೆಯಿಲ್ಲದ ಕಾಡುಜನ ಎಂದು ಬೈದಿದೆ. 1823ರಲ್ಲಿ, ಎಂದರೆ ಕಿತ್ತೂರಿನ ಹಿಂದಿನ ವರ್ಷ, ಮುಖ್ಯ ನ್ಯಾಯಾಧೀಶ ಜಾನ್ ಮಾರ್ಷಲ್ ತೀರ್ಪು ಬರೆದ: ನೆಲವನ್ನು ‘ಕಂಡುಹಿಡಿದ’ ಯುರೋಪಿನವರಿಗೆ ಒಡೆತನ, ಅಲ್ಲಿ ವಾಸವಿದ್ದವರಿಗೆ ವಾಸದ ಹಕ್ಕು ಮಾತ್ರ. ಒಡೆಯನಿಗೂ ಒಕ್ಕಲಿಗೂ ಇರುವ ವ್ಯತ್ಯಾಸ ನಮ್ಮ ಹಳ್ಳಿಯಲ್ಲಿ ಯಾರಿಗೂ ಬಿಡಿಸಿ ಹೇಳಬೇಕಾಗಿಲ್ಲ.

ಜಾರ್ಜಿಯಾದ ಚೆರೋಕಿಗಳು ಕಾಗದವನ್ನು ನಂಬಿದವರು, ನಮ್ಮ ಕಿತ್ತೂರಿನ ಹಾಗೆ. ಬಿಳಿಯರ ಜತೆ ಮಾಡಿಕೊಂಡ ಒಪ್ಪಂದಗಳನ್ನು ಜೋಪಾನ ಮಾಡಿದರು. ಸಿಕ್ವೋಯ ಎಂಬಾತ ಅವರ ನುಡಿಗೆ ಲಿಪಿ ಕಟ್ಟಿಕೊಟ್ಟ. 1827ರಲ್ಲಿ ತಮ್ಮದೇ ಸಂವಿಧಾನ ಬರೆದರು, 1828ರಲ್ಲಿ ಪತ್ರಿಕೆ ಹೊರಡಿಸಿದರು. ಅಷ್ಟರಲ್ಲಿ ಅವರ ನೆಲದಲ್ಲಿ ಚಿನ್ನ ಸಿಕ್ಕಿತು. ಅಧ್ಯಕ್ಷ ಆಂಡ್ರ್ಯೂ ಜಾಕ್ಸನ್ 1830ರ ಮೇ 28ರಂದು, ಮೂಲನಿವಾಸಿಗಳನ್ನು ಮಿಸಿಸಿಪಿ ನದಿಯಾಚೆ ಸಾಗಿಸುವ ಕಾಯ್ದೆಗೆ ಸಹಿ ಹಾಕಿದ. ಚೆರೋಕಿಗಳು ಸುಪ್ರೀಂ ಕೋರ್ಟಿಗೆ ಹೋದರು. 1831ರ ಮಾರ್ಚ್‌ನಲ್ಲಿ ಅದೇ ಮಾರ್ಷಲ್ ಹೇಳಿದ: ನೀವು ಪರದೇಶವಲ್ಲ, ನಮ್ಮ ಆಶ್ರಯದ ದೇಶ, ಪಾಲಕನ ಕೈಕೆಳಗಿನ ಅಪ್ರಾಪ್ತ ಮಗು ಇದ್ದ ಹಾಗೆ. ಮರುವರ್ಷ ಇನ್ನೊಂದು ಮೊಕದ್ದಮೆಯಲ್ಲಿ ಅವರ ಪರ ತೀರ್ಪು ಬಂದರೂ ಜಾರ್ಜಿಯಾ ಅದಕ್ಕೆ ಸೊಪ್ಪು ಹಾಕಲಿಲ್ಲ. ಅಲ್ಲಿಯೂ ಮಲ್ಲಪ್ಪಶೆಟ್ಟಿಗಳು ಸಿಕ್ಕರು: 1835ರಲ್ಲಿ ಸಣ್ಣ ಗುಂಪೊಂದು, ಮುಖ್ಯಸ್ಥ ಜಾನ್ ರಾಸ್‌ನ ಮಾತು ಮೀರಿ, ನೆಲ ಬಿಟ್ಟುಕೊಡುವ ಒಪ್ಪಂದಕ್ಕೆ ರುಜು ಹಾಕಿತು. 1838ರಲ್ಲಿ ಸೈನಿಕರು ಬಂದರು. ಓಕ್ಲಹೋಮದವರೆಗಿನ ಆ ನಡಿಗೆಯಲ್ಲಿ ಸತ್ತವರು ಸುಮಾರು ನಾಲ್ಕು ಸಾವಿರ ಎಂದು ಅಂದಾಜು.

ಪಾಲಕ, ಅಪ್ರಾಪ್ತ. ಮಾಸ್ತಮರಡಿಯ ಹುಡುಗನಿಗೂ ಇದೇ ಮಾತು ಒಪ್ಪುತ್ತಿತ್ತು.

ಬೆಳಗಾವಿಯಿಂದ ಖಾನಾಪುರದ ದಾರಿ ಹಿಡಿದರೆ ಮಳೆಗಾಲದಲ್ಲಿ ಬತ್ತದ ಗದ್ದೆಗಳ ಹಸಿರು ಕಣ್ಣು ತುಂಬುತ್ತದೆ. ಖಾನಾಪುರದ ಜೇಡಿಮಣ್ಣು ಹೆಂಚಿಗೆ, ಮಡಕೆಗೆ ಹೆಸರಾದದ್ದು. ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ಇಲ್ಲಿ ಊರ ಮಗ್ಗುಲಲ್ಲೇ ಹರಿಯುತ್ತಾಳೆ. ಹೊಳೆ ದಾಟಿ ಮುಂದೆ ಹೋದರೆ ನಂದಗಡ, ಬೀಡಿ. ಅದರಾಚೆ ಕಿತ್ತೂರಿನ ಸೀಮೆ. 1830ರ ಜನವರಿಯಲ್ಲಿ ಸಂಗೊಳ್ಳಿ ರಾಯಣ್ಣನ ಜನ ಬಂದು ಬೀಡಿಯ ಕಚೇರಿಗೆ ಬೆಂಕಿ ಇಟ್ಟರು.

ಕಚೇರಿಯನ್ನೇ ಏಕೆ? ರಾಯಣ್ಣ ಶೇತಸನದಿ. ಊರು ಕಾಯುವುದಕ್ಕೆ, ದಂಡಿಗೆ ಹೋಗುವುದಕ್ಕೆ ಪ್ರತಿಯಾಗಿ ಹೊಲ ಪಡೆದವನು. ಕಿತ್ತೂರು ಬಿದ್ದ ಮೇಲೆ ಆ ಹೊಲಗಳ ಲೆಕ್ಕ ಕಂಪನಿಯ ಗುಮಾಸ್ತರ ಕೈಗೆ ಹೋಯಿತು. ಕೆಲವು ಹೋದವು, ಉಳಿದವಕ್ಕೆ ಕಂದಾಯ ಏರಿತು. ಬಾಕಿಗಾಗಿ ಅವನ ತಾಯಿ ಕೆಂಚವ್ವನ ತಲೆಯ ಮೇಲೆ ಊರ ಕುಲಕರ್ಣಿ ಕಲ್ಲು ಹೊರಿಸಿದ ಎಂದು ಜನಪದರು ಹಾಡುತ್ತಾರೆ. ಹಾಡಿನ ಮಾತು ಹೌದೋ ಅಲ್ಲವೋ, ದಫ್ತರದ ಮೇಲೆ ಅವನಿಗಿದ್ದ ಸಿಟ್ಟಂತೂ ನಿಜ. ಸುಟ್ಟದ್ದು ಕಚೇರಿ, ಲೆಕ್ಕದ ಪುಸ್ತಕ, ದೋಚಿದ್ದು ಖಜಾನೆ. ಕೂಡಿದವರು ಅವನಂಥ ಸನದಿಗಳು, ಸಿದ್ದಿ ಗಜವೀರ, ಬಿಚ್ಚುಗತ್ತಿ ಚೆನ್ನಬಸಪ್ಪ, ಊರೂರಿನ ರೈತರು. ಖಾನಾಪುರದ ಕಾಡು, ಹಂಡಿಬಡಗನಾಥನ ಗುಡ್ಡ ಅವರ ಅಡಗುತಾಣ. ದತ್ತಕ ಹುಡುಗನನ್ನು ಗದ್ದುಗೆಗೆ ತರುವುದು ಗುರಿ.

ಇದನ್ನು ಓದಿದಾಗ ನನಗೆ ಮ್ಯಾಸಚೂಸೆಟ್ಸಿನ ಡೇನಿಯಲ್ ಶೇಸ್ ನೆನಪಾಗುತ್ತಾನೆ. ಯುದ್ಧ ಮುಗಿದು ಅಮೆರಿಕ ಸ್ವತಂತ್ರವಾಗಿ ಮೂರೇ ವರ್ಷ. ಯುದ್ಧಕ್ಕೆ ಹೋಗಿ ಬಂದ ರೈತರಿಗೆ ಸಂಬಳ ಸಿಕ್ಕಿಲ್ಲ, ತೆರಿಗೆ ನಗದಾಗಿಯೇ ಕೊಡಬೇಕು, ಸಾಲ ಕೊಟ್ಟವನು ಕೋರ್ಟಿಗೆ ಹೋದರೆ ಹೊಲ ಹೋಗುತ್ತದೆ. 1786ರಲ್ಲಿ ರೈತರು ಕೋರ್ಟುಗಳ ಬಾಗಿಲಿಗೆ ಹೋಗಿ ನಿಂತು ಕಲಾಪವನ್ನೇ ನಿಲ್ಲಿಸಿದರು. 1787ರ ಜನವರಿ 25ರಂದು ಸ್ಪ್ರಿಂಗ್‌ಫೀಲ್ಡಿನ ಶಸ್ತ್ರಾಗಾರಕ್ಕೆ ನುಗ್ಗಲು ಹೋದರು. ಸರಕಾರದ ತೋಪು ನಾಲ್ವರನ್ನು ಕೊಂದಿತು, ದಂಗೆ ಚದುರಿತು. ಆ ಬೇಸಗೆಯಲ್ಲಿ ಫಿಲಡೆಲ್ಫಿಯಾದಲ್ಲಿ ಸೇರಿ ಸಂವಿಧಾನ ಬರೆದವರ ಮನಸ್ಸಿನಲ್ಲಿ ಈ ಅಂಜಿಕೆ ಇತ್ತು. ಶೇಸ್‌ಗೆ ಮುಂದಿನ ವರ್ಷ ಕ್ಷಮೆ ಸಿಕ್ಕಿತು. 1825ರಲ್ಲಿ, ಮುದುಕನಾಗಿ ಸತ್ತ.

ರಾಯಣ್ಣನಿಗೆ ಕ್ಷಮಿಸಬಲ್ಲ ಸರಕಾರ ಇರಲಿಲ್ಲ. ಅವನನ್ನು ಅಟ್ಟಿ ಸೋತ ಕಂಪನಿ, ಅವನ ಗುಂಪಿಗೆ ತನ್ನವರನ್ನೇ ಸೇರಿಸಿತು. 1830ರ ಏಪ್ರಿಲ್‌ನಲ್ಲಿ, ಹಳ್ಳದಲ್ಲಿ ಮೀಯಲು ಇಳಿದಾಗ ಹಿಡಿದರು. ಹಿಡಿದುಕೊಟ್ಟ ಗೌಡರಿಗೆ ಇನಾಮು ಸಿಕ್ಕಿತು. ಜಾಕ್ಸನ್ ಸಹಿ ಹಾಕಿದ್ದು ಅದಾಗಿ ಒಂದೂವರೆ ತಿಂಗಳಿಗೆ. 1831ರ ಜನವರಿ 26ರಂದು ನಂದಗಡದ ಹೊರಗೆ ಗಲ್ಲಿಗೇರಿಸಿದರು. ಮಾರ್ಷಲ್ ತೀರ್ಪು ಕೊಟ್ಟದ್ದು ಅದಾಗಿ ಎರಡು ತಿಂಗಳೊಳಗೆ. ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಸತ್ತದ್ದು ಜನವರಿ 26 ಎಂದು ನಮ್ಮವರು ಹೆಮ್ಮೆಯಿಂದ ಹೇಳುತ್ತಾರೆ. ನಾನಂತೂ ಆ ದಿನ ಬಂದಾಗ ಬೇರೆ ಎರಡು ತಾರೀಖುಗಳನ್ನೂ ಜತೆಗೆ ಎಣಿಸಿಕೊಳ್ಳುತ್ತೇನೆ.

ಒಂದು ಕೊರತೆ ಕಾಡುತ್ತದೆ. ಅಮೆರಿಕದ ಬಂಡಾಯಗಾರರು ಬಂಡೆದ್ದ ಕಾರಣವನ್ನು ತಾವೇ ಬರೆದಿಟ್ಟು ಹೋದರು. ಚೆರೋಕಿಗಳ ಅಹವಾಲು ಅವರ ಪತ್ರಿಕೆಯ ಅಚ್ಚಿನಲ್ಲಿದೆ. ಕಿತ್ತೂರಿನ ಕಥೆಯ ತಾರೀಖುಗಳು ನಮಗೆ ಸಿಗುವುದು ಬಹುಪಾಲು ಕಂಪನಿಯ ಕಡತದಿಂದ, ಎದುರಾಳಿಯ ಕೈಬರಹದಿಂದ. ನಮ್ಮ ಕಡೆಯದು ಗೀಗೀ ಪದ, ಲಾವಣಿ. ಅಲ್ಲಿ ತಾರೀಖಿಲ್ಲ, ತಾಳವಿದೆ. ಇನ್ನೂ ಸೋಜಿಗದ ಮಾತು ಹೇಳಬೇಕೆಂದರೆ, ಕಿತ್ತೂರಿನಲ್ಲಿ ಸೆರೆಯಾಗಿ ಆರು ವಾರ ಕೂತಿದ್ದ ವಾಲ್ಟರ್ ಎಲಿಯಟ್‌ಗೆ ಆಗ ಇಪ್ಪತ್ತೊಂದು ವರ್ಷ. ಅವನೇ ಮುಂದೆ ಈ ಸೀಮೆಯ ಊರೂರು ತಿರುಗಿ ನೂರಾರು ಶಾಸನ ಪ್ರತಿ ಮಾಡಿಸಿದ. ಚಾಲುಕ್ಯರ ವಂಶಾವಳಿ ನಮಗೆ ತಿಳಿಯುವಲ್ಲಿ ಅವನ ಪಾಲು ದೊಡ್ಡದು. ನಮ್ಮ ಸಾವಿರ ವರ್ಷದ ಹಿಂದಿನ ದೊರೆಗಳ ದತ್ತಿಪತ್ರ ಜೋಪಾನವಾಯಿತು. ನಾವು ಸೆರೆ ಹಿಡಿದವನ ಕೈಯಿಂದಲೇ!

ಇಂದು ಬೆಳಗಾವಿಯಲ್ಲಿ ಯಾವ ಮೆರವಣಿಗೆಯೂ ಚೆನ್ನಮ್ಮ ಸರ್ಕಲ್ ಮುಟ್ಟದೆ ಪೂರ್ತಿಯಾಗುವುದಿಲ್ಲ. ರಾಯಣ್ಣನ ಹೆಸರು ಬೆಂಗಳೂರಿನ ದೊಡ್ಡ ರೈಲು ನಿಲ್ದಾಣಕ್ಕಿದೆ. ಇಬ್ಬರ ಪ್ರತಿಮೆಯ ಸುತ್ತ ಗಡಿಯ ಜಗಳ, ಘೋಷಣೆ, ಹಾರ ತುರಾಯಿ ಎಲ್ಲ ಇದ್ದದ್ದೇ. ಅದನ್ನು ಬೆಳಗಾವಿಯವರಿಗೆ ನಾನು ಹೇಳುವುದೇನಿದೆ.

ನಂದಗಡದಲ್ಲಿ ಅಷ್ಟು ಸದ್ದಿಲ್ಲ. ರಾಯಣ್ಣನನ್ನು ಮಣ್ಣು ಮಾಡಿದ ಜಾಗದಲ್ಲಿ ಚೆನ್ನಬಸಪ್ಪ ನೆಟ್ಟದ್ದೆಂದು ಹೇಳುವ ಆಲದ ಮರ ಬಿಳಲು ಬಿಟ್ಟು ಹರಡಿದೆ. ಮರಕ್ಕೆ ಪುಟ್ಟ ಪುಟ್ಟ ಮರದ ತೊಟ್ಟಿಲು ಕಟ್ಟಿರುತ್ತಾರೆ. ಮಕ್ಕಳಾಗದವರು ಬಂದು ಹರಕೆ ಹೊತ್ತು ಕಟ್ಟಿ ಹೋಗುವ ತೊಟ್ಟಿಲುಗಳು ಅವು. ರಾಯಣ್ಣನಂಥ ಮಗ ಹುಟ್ಟಲಿ ಎಂದು ಕೇಳಿಕೊಳ್ಳುತ್ತಾರಂತೆ. ಕಿತ್ತೂರಿನ ದೊರೆಗೆ ಮಗನಿಲ್ಲ ಎಂಬಲ್ಲಿಂದ ಶುರುವಾದ ವ್ಯಾಜ್ಯದಲ್ಲಿ ಸತ್ತವನ ತಲೆಯ ಮೇಲೆ, ಗಾಳಿ ಬೀಸಿದರೆ, ಆ ತೊಟ್ಟಿಲುಗಳು ಒಂದಕ್ಕೊಂದು ತಾಗಿ ತೂಗುತ್ತವೆ.